ಕಿಟಕಿಗೆ ಕಾಣುವ ಬೇವು

ಗಂಡನಿಗೆ ಲಕ್ವ ಹೊಡೆದು ಎರಡು ವರ್ಷ ಕಳೆಯುವ ಹೊತ್ತಿಗೆ ಸಾವಂತ್ರವ್ವನಿಗೆ ಆ ಗಿಡಗಳ ಮೇಲೆ ಸಿಟ್ಟು ಕೂಡ ಉಳಿದಿರಲಿಲ್ಲ. ಬೆಳಿಗ್ಗೆ ಎದ್ದು ಗಂಡನ ಮೈ ಒರೆಸಿ, ಚಹಾ ಕುಡಿಸಿ, ಎರಡು ಕೊಡ ತೆಗೆದುಕೊಂಡು ಮೈದಾನಕ್ಕೆ ಹೋಗುವಳು. ಮೂಲೆಯ ಬೋರಿಂಗಿನ ಹಿಡಿಕೆ ಒತ್ತಿ ಒತ್ತಿ ಕೊಡ ತುಂಬಿಸಿ, ಒಂದೊಂದೇ ಗಿಡದ ಬುಡಕ್ಕೆ ಸುರಿದು, ಮತ್ತೆ ಬೋರಿಂಗಿನ ಹತ್ತಿರ ಬರುವಳು. ಬಿಸಿಲು ಏರುವಷ್ಟರಲ್ಲಿ ಭುಜಗಳು ಸೋತು ಕಲ್ಲಾಗಿರುತ್ತಿದ್ದವು. ಮನೆಗೆ ಬಂದು ಕೊಡ ಇಳಿಸಿದ ಸದ್ದು ಕೇಳುತ್ತಲೇ ಒಳಗಿನಿಂದ ನಿಜಲಿಂಗಪ್ಪ ಕೇಳುತ್ತಿದ್ದ.

"ನೀರ?"

ಲಕ್ವ ಅವನ ಬಲಗೈ ಬಲಗಾಲುಗಳ ಜೊತೆ ಮಾತನ್ನೂ ಅರ್ಧ ಒಯ್ದಿತ್ತು. ಸಣ್ಣ ಪದಗಳು ಹೊರಗೆ ಬರುತ್ತಿದ್ದವು. ಉದ್ದದ್ದೇನಿದ್ದರೂ ಬಾಯಲ್ಲೇ ಕಲಸಿಹೋಗುತ್ತಿತ್ತು.

"ಹಾಕೀನ್ರಿ."

"ಎಲ್ಲಾ?"

"ಎಲ್ಲಾಕೂ ಹಾಕೀನ್ರಿ."

ಅಷ್ಟು ಕೇಳಿದ ಮೇಲೆ ಅವನು ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದ. ನೆಲಮಹಡಿಯ ಆ ಕಿಟಕಿಗೆ ಮೈದಾನದ ಒಂದು ತುಣುಕು ಮಾತ್ರ ಕಾಣುತ್ತಿತ್ತು, ಆ ತುಣುಕಿನಲ್ಲಿ ಒಂದು ಬೇವಿನ ಗಿಡ. ಉಳಿದದ್ದನ್ನು ಪಕ್ಕದ ಕಟ್ಟಡದ ಗೋಡೆ ಮರೆಮಾಡಿತ್ತು.

ಗಿಡದ ಹುಚ್ಚು ಅವನದು, ಅವಳದಲ್ಲ. ವಿಜಾಪುರದ ಕಡೆಯಿಂದ ಪುಣೆಗೆ ಬಂದು, ಕಾರ್ಖಾನೆಯೊಂದರ ಸ್ಟೋರಿನಲ್ಲಿ ಕಾರಕೂನನಾಗಿ ಸೇರಿ, ಬಾಡಿಗೆಯ ಖೋಲಿಗಳಲ್ಲಿ ವರ್ಷಗಟ್ಟಲೆ ಇದ್ದು, ಕೊನೆಗೆ ಹಡಪಸರದ ಈ ಕಾಲನಿಯಲ್ಲಿ ಮನೆ ಸಿಕ್ಕಾಗ ಅವನು ಮೊದಲು ನೋಡಿದ್ದು ಅಡುಗೆಮನೆಯನ್ನಲ್ಲ, ನಡುವಿನ ಮೈದಾನವನ್ನು. ನಕ್ಷೆಯಲ್ಲಿ ಅದು ಉದ್ಯಾನ. ನೆಲದ ಮೇಲೆ ನೋಡಿದರೆ ಒಡೆದ ಇಟ್ಟಿಗೆ, ಗಟ್ಟಿಯಾಗಿಹೋದ ಸಿಮೆಂಟಿನ ಚೀಲ, ನಾಲ್ಕೂ ದಿಕ್ಕಿನ ಮನೆಗಳ ಕಸ. ಒಂದು ವರ್ಷ ಕಾರ್ಪೊರೇಷನ್ನಿನವರು ಬರುತ್ತಾರೆಂದು ಕಾದ. ಆಮೇಲೆ ಒಂದು ರವಿವಾರ ತಾನೇ ಗುದ್ದಲಿ ಹಿಡಿದ.

ಆಗ ಜನಕ್ಕೆ ಬಹಳ ಉಮೇದು ಇತ್ತು. ನಿವೃತ್ತ ಶಾಲಾ ಮಾಸ್ತರ ಕೃಷ್ಣಾಜಿ ಉದ್ಯಾನದ ಮಂಡಳಿಗೆ ಅಧ್ಯಕ್ಷರಾದರು. ಮೇಲಿನ ಮನೆಯ ಭುಜಂಗ ತನ್ನ ಪರಿಚಯದವರ ಟೆಂಪೊ ತಂದು ಕಸ ಸಾಗಿಸಿದ. ರವಿವಾರ ಬಂತೆಂದರೆ ಗಂಡಸರು ಬನಿಯನ್ನಿನಲ್ಲಿ ತಗ್ಗು ತೋಡುವುದು, ಹೆಂಗಸರು ಚುರುಮುರಿ ಚಹಾ ತರುವುದು. ಭುಜಂಗನ ಹೆಂಡತಿ ಗಂಗೂಬಾಯಿ ಪ್ರತಿ ಗಿಡಕ್ಕೂ ಕುಂಕುಮ ಹಚ್ಚಿದ್ದಳು. ಬೇವು, ಹೊಂಗೆ, ಗುಲ್‌ಮೊಹರು, ನೇರಳೆ ಎಂದು ಸಾಲುಸಾಲಾಗಿ ಸಸಿ ಹಚ್ಚಿದರು. ನಿಜಲಿಂಗಪ್ಪ ಎಲ್ಲದಕ್ಕೂ ಜಾಲಿ ಮುಳ್ಳಿನ ಬೇಲಿ ಕಟ್ಟಿದ. ಆಡು ಕಟ್ಟಲು ಬಂದವರನ್ನೂ ಬಟ್ಟೆ ಒಣಹಾಕಲು ಬಂದವರನ್ನೂ ಗದರಿಸಿ ಓಡಿಸುತ್ತಿದ್ದ.

"ಮನ್ಯಾಗ ಬಾಗಲದ ಕೊಂಡಿ ಮುರದು ತಿಂಗಳಾತು, ಇವರು ಗಿಡಕ್ಕ ಬೇಲಿ ಕಟ್ಟಾಕತ್ಯಾರ," ಎಂದು ಸಾವಂತ್ರವ್ವ ಮಗ ಶ್ಯಾಮನ ಮುಂದೆ ನಗುತ್ತಿದ್ದಳು.

ಉಮೇದು ಒಮ್ಮೆಲೇ ಇಳಿಯಲಿಲ್ಲ. ಒಬ್ಬರಿಗೆ ಪಾಳಿ ಬದಲಾಯಿತು, ಇನ್ನೊಬ್ಬರ ಮಗಳ ಪರೀಕ್ಷೆ ಬಂತು, ಕೃಷ್ಣಾಜಿಯವರ ಮೊಣಕಾಲು ಹಿಡಿದುಕೊಂಡಿತು. ರವಿವಾರದ ಗುಂಪು ನಾಲ್ಕು ಜನಕ್ಕೆ ಇಳಿಯಿತು, ಆಮೇಲೆ ನಿಜಲಿಂಗಪ್ಪ ಒಬ್ಬನೇ ಉಳಿದ. ಅವನು ಡ್ಯೂಟಿಗೆ ಹೋಗುವ ಮುಂಚೆ ನೀರು ಹಾಕುತ್ತಿದ್ದ, ಬಂದ ಮೇಲೂ ಹಾಕುತ್ತಿದ್ದ. ಹಾಗೆ ಒಂದು ಬೆಳಿಗ್ಗೆ ಬೋರಿಂಗಿನ ಹತ್ತಿರವೇ ಕುಸಿದ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವನ ಬಾಯಿಂದ ಮೊದಲು ತಿಳಿಯುವಂತೆ ಬಂದ ಪದ "ನೀರ" ಎಂಬುದೇ. ಕುಡಿಯಲು ಎಂದು ತಿಳಿದು ಸಾವಂತ್ರವ್ವ ಲೋಟ ಹಿಡಿದಳು. ಅವನು ಎಡಗೈಯಿಂದ ಲೋಟ ಸರಿಸಿ ಕಿಟಕಿ ತೋರಿಸಿದ. ಅಂದಿನಿಂದ ಗಿಡಗಳು ಅವಳ ಪಾಲಿಗೆ ಬಂದವು. ಶ್ಯಾಮನಿಗೆ ಕಾರ್ಖಾನೆಯಲ್ಲಿ ಮೂರು ಪಾಳಿ. ಮನೆಯಲ್ಲಿದ್ದಾಗ ಅಪ್ಪನನ್ನು ಎತ್ತಿ ಕೂಡಿಸುವುದು, ಸ್ನಾನ ಮಾಡಿಸುವುದು ಅವನ ಕೆಲಸ. ಕೊಡ ಹೊರಲೂ ಅವನನ್ನೇ ಕೇಳುವುದು ಅವಳಿಂದಾಗಲಿಲ್ಲ.

ಕಾಲನಿಯ ಜನ ಒಳ್ಳೆಯವರೇ. ಬಸ್ಸಿಗೆ ಹೋಗುವವರು ನಿಂತು, ಅತ್ತಿಗೆಯನ್ನು ಕರೆದಂತೆ "ವಹಿನಿ, ನಿಮ್ಮದು ದೊಡ್ಡ ಮನಸ್ಸು," ಎಂದು ಮರಾಠಿಯಲ್ಲಿ ಹೇಳಿ ಮುಂದೆ ಹೋಗುತ್ತಿದ್ದರು. ಕೃಷ್ಣಾಜಿ ಕೋಲೂರಿಕೊಂಡು ಬಂದು ಸ್ವಲ್ಪ ಹೊತ್ತು ಜೊತೆಗೆ ನಿಲ್ಲುತ್ತಿದ್ದರು. ಯಾರೂ ಅವಳ ಕೈಯಿಂದ ಕೊಡ ತೆಗೆದುಕೊಳ್ಳಲಿಲ್ಲ. ಅವಳಿಗೂ ಕೇಳಲು ಬರಲಿಲ್ಲ.

ಆ ವರ್ಷ ಮೈದಾನದ ಆಚೆ ದೊಡ್ಡದೊಂದು ಕಟ್ಟಡ ಏಳತೊಡಗಿತ್ತು. ಕೆಲಸದವರು ಮೈದಾನದ ಅಂಚಿಗೇ ತಗಡಿನ ಗುಡಿಸಲು ಹಾಕಿಕೊಂಡರು. ಬಂದ ವಾರದಲ್ಲೇ ಗಿಡದ ಬೇಲಿಗಳು ಮಾಯವಾಗತೊಡಗಿದವು. ಒಂದು ಬೆಳಿಗ್ಗೆ ಸಾವಂತ್ರವ್ವ ಕೊಡ ಹಿಡಿದು ಬಂದಾಗ ನಡುವಯಸ್ಸಿನ ಹೆಂಗಸೊಬ್ಬಳು ಹೊಂಗೆಯ ಸುತ್ತಲಿನ ಮುಳ್ಳುಕಂಟಿಗಳನ್ನು ಕಿತ್ತು ಹೊರೆ ಕಟ್ಟುತ್ತಿದ್ದಳು. ಸಾವಂತ್ರವ್ವ ಮರಾಠಿಯಲ್ಲಿ ಗದರಿಸಿದಳು. ಹೆಂಗಸು ಕೈ ನಿಲ್ಲಿಸದೆ, ಪಕ್ಕದಲ್ಲಿದ್ದ ತನ್ನ ಮಗಳಿಗೆ ಹೇಳಿದಳು.

"ಈ ಮುದುಕಿಗಿ ಮುಂಜಾನೆದ್ದು ಬ್ಯಾರೆ ಕೆಲಸಿಲ್ಲ ನೋಡು. ಮುಳ್ಳಿಗಿ ಕಾವಲ ನಿಂತಾಳ."

"ಮುದುಕಿಗಿ ಕಿವಿ ಕೇಳಸ್ತಾವ," ಎಂದಳು ಸಾವಂತ್ರವ್ವ. "ಕನ್ನಡನೂ ತಿಳೀತದ."

ಹೆಂಗಸಿನ ಕೈ ನಿಂತಿತು. ಮಗಳು ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

"ಯಾವೂರ್ರಿ ಅಕ್ಕಾ?"

"ವಿಜಾಪುರ ಕಡೆ. ನಿಂದು?"

"ಸುರಪುರ್ರಿ. ಅಲ್ಲೇ ಬಾಜೂಕ ಹಳ್ಳಿ. ಯಂಕವ್ವ ಅಂತಾರ್ರಿ ನನಗ."

"ಊರು ಕೇಳಿದ್ದಾತು, ಹೆಸರೂ ಆತು. ಮುಳ್ಳು ಇಡು ಅಲ್ಲೆ."

"ಇಡತೀನ್ರಿ. ಒಲಿಗಿ ಏನ ಹಚ್ಚಲಿ ಹೇಳ್ರಿ."

ಯಂಕವ್ವ ಹೊರೆಯನ್ನು ಅಲ್ಲೇ ಬಿಟ್ಟು ಹೋದಳು. ಮರುದಿನ ಬೇರೆ ಗಿಡದ ಬೇಲಿ ಹೋಗಿತ್ತು. ಸಾವಂತ್ರವ್ವ ನೋಡಿದಳು, ಯಾರನ್ನೂ ಕೇಳಲಿಲ್ಲ.

ಯಂಕವ್ವನ ಮಗಳು ಬುಟ್ಟಿ ಹೊತ್ತು ಅಟ್ಟಣೆ ಏರುತ್ತಿದ್ದಳು. ಅವಳಿಗೊಂದು ಎಳೆಗೂಸು. ಕಟ್ಟಡದ ಒಳಗೆಲ್ಲ ಸಿಮೆಂಟಿನ ಧೂಳು, ಗುಡಿಸಲ ತಗಡು ಕಾದು ಕೆಂಡ. ಅದಕ್ಕೆ ಯಂಕವ್ವ ಬೇವಿನ ಗಟ್ಟಿ ಟೊಂಗೆಗೆ ಹಳೆಯ ಸೀರೆ ಕಟ್ಟಿ ಜೋಳಿಗೆ ಮಾಡಿದಳು. ಬಿಡುವು ಸಿಕ್ಕಾಗ ಬಂದು ತೂಗಿ ಹೋಗುವಳು. ಇದನ್ನು ಕಂಡು ಸಾವಂತ್ರವ್ವ ಬಿಚ್ಚಿಸಲು ಹೊರಟವಳು, ಮೊದಲು ಗಂಡನನ್ನು ಕೇಳೋಣವೆಂದು ಒಳಗೆ ಬಂದಳು. ಅವನು ದಿಂಬಿನ ಮೇಲೆ ಕತ್ತೆತ್ತಿ ಕಿಟಕಿಯನ್ನೇ ನೋಡುತ್ತಿದ್ದ.

"ಬೇವಿಗಿ ಜ್ವಾಳಿಗಿ ಕಟ್ಯಾರ್ರಿ. ಬಿಚ್ಚಸ್ಲಿ?"

"ಬ್ಯಾಡ," ಎಂದ. ಸ್ವಲ್ಪ ಹೊತ್ತಾದ ಮೇಲೆ, "ಕೂಸ ಅದ," ಎಂದ.

ದಿನವಿಡೀ ಅವನಿಗೆ ನೋಡಲು ಒಂದು ಗಿಡವಿತ್ತು, ಈಗ ಗಿಡಕ್ಕೆ ಜೋತಾಡುವ ಕೂಸೂ ಆಯಿತು. ಅದು ಅತ್ತರೆ ಅವನು ಹೆಂಡತಿಯನ್ನು ಕೂಗುತ್ತಿದ್ದ. ಅವಳು ಒಲೆಯ ಮೇಲಿನ ಪಲ್ಯ ಬಿಟ್ಟು ಹೋಗಿ ಜೋಳಿಗೆ ತೂಗಿ ಬರಬೇಕಾಗುತ್ತಿತ್ತು. ಕೆಲಸ ಒಂದು ಹೆಚ್ಚೇ ಆಯಿತು.

ಬೇಸಿಗೆ ಬಂತು. ಕಾಲನಿಯ ನಳಗಳಲ್ಲಿ ಮೊದಲು ಒಂದು ಹೊತ್ತು ನೀರು, ಆಮೇಲೆ ದಿನ ಬಿಟ್ಟು ದಿನ. ಬಂದಾಗಲೂ ದಾರದಂತೆ ಬಂದು ನಿಂತುಬಿಡುವುದು. ಮನೆಗಳ ಜನವೂ ಬೋರಿಂಗಿಗೆ ಬಂದರು. ಗುಡಿಸಲಿನವರಿಗೆ ಮೊದಲಿನಿಂದಲೂ ಅದೊಂದೇ ಗತಿ. ಹಿಡಿಕೆ ಒತ್ತಿದರೆ ಖಾಲಿ ಸದ್ದು ಬರುವುದೇ ಹೆಚ್ಚು, ಬಹಳ ಹೊತ್ತು ಒತ್ತಿದ ಮೇಲೆ ಕೆಂಪು ನೀರು ಚೂರು ಚೂರು ಉಗುಳುವುದು. ಬೆಳಕು ಹರಿಯುವ ಮುಂಚೆಯೇ ಸಾಲು ಬೆಳೆಯುತ್ತಿತ್ತು.

ಸಾವಂತ್ರವ್ವ ಆ ಸಾಲಿನಲ್ಲಿ ಎರಡು ಕೊಡ ಇಟ್ಟುಕೊಂಡು ನಿಂತಳು. ಮುಂದೆ ಗಂಗೂಬಾಯಿ ಬಕೇಟು ಹಿಡಿದಿದ್ದಳು, ಹಿಂದೆ ಯಂಕವ್ವ ತಗಡಿನ ಡಬ್ಬಿ ಹಿಡಿದಿದ್ದಳು. ಅವಳ ಹಿಂದೆ ಇನ್ನೂ ಎಷ್ಟೋ ಹೆಂಗಸರು. ಗಂಗೂಬಾಯಿ ತನ್ನ ಬಕೇಟು ತುಂಬಿಕೊಂಡು ಹೋದಳು. ಸಾವಂತ್ರವ್ವ ಹಿಡಿಕೆಗೆ ಕೈ ಹಾಕಿದಳು.

"ಅಕ್ಕಾ," ಎಂದಳು ಯಂಕವ್ವ. "ಮನಿಗಿ ಒಯ್ಯತೀರೋ, ಗಿಡಕ್ಕೋ?"

ದನಿಯಲ್ಲಿ ಜಗಳವಿರಲಿಲ್ಲ. ತಿಳಿದುಕೊಳ್ಳಲು ಕೇಳಿದಂತಿತ್ತು.

"ಗಿಡಕ್ಕ," ಎಂದಳು ಸಾವಂತ್ರವ್ವ.

ಯಾರಾದರೂ ಬೈದಿದ್ದರೆ ಸಾವಂತ್ರವ್ವ ತಿರುಗಿ ಬೈಯುತ್ತಿದ್ದಳೇನೋ. ಅವಳು ಹಿಡಿಕೆಯನ್ನು ಒಮ್ಮೆ ಒತ್ತಿದಳು, ಮತ್ತೊಮ್ಮೆ ಒತ್ತಿದಳು, ಮೂರನೆಯದಕ್ಕೆ ಕೈ ಏಳಲಿಲ್ಲ. ಖಾಲಿ ಕೊಡಗಳನ್ನು ಎತ್ತಿಕೊಂಡು ಪಕ್ಕಕ್ಕೆ ಸರಿದಳು.

"ನೀ ತುಂಬ್ಕೊ," ಎಂದು ಹೇಳಿ ಮನೆಗೆ ನಡೆದಳು.

ಬಾಗಿಲಲ್ಲಿ ಕೊಡ ಇಳಿಸಿದಾಗ ಒಳಗಿನಿಂದ ಎಂದಿನ ದನಿ ಬಂತು.

"ನೀರ?"

"ಹಾಕೀನ್ರಿ."

"ಎಲ್ಲಾ?"

"ಹೂಂ."

ಸುಳ್ಳು ಹೇಳಬೇಕೆಂದು ಅವಳು ಯೋಚಿಸಿರಲಿಲ್ಲ. ದಿನವೂ ಹೇಳುತ್ತಿದ್ದ ಮಾತು ತಾನಾಗಿ ಬಾಯಿಗೆ ಬಂದಿತ್ತು. ಮರುದಿನವೂ ಅದೇ ಬಂತು. ಆಮೇಲೆ ರೂಢಿಯಾಯಿತು. ಬೆಳಿಗ್ಗೆ ಕೊಡ ಹಿಡಿದು ಹೊರಗೆ ಹೋಗಿ, ಮನೆಯ ಮಟ್ಟಿಗೆ ಸಿಕ್ಕಷ್ಟು ತುಂಬಿಕೊಂಡು ಬರುವಳು. ಗಂಡನಿಗೆ ಸ್ನಾನ ಮಾಡಿಸಿದ ನೀರು, ಅಕ್ಕಿ ತೊಳೆದ ನೀರು, ಬಟ್ಟೆ ಹಿಂಡಿದ ನೀರನ್ನೆಲ್ಲ ಬಕೇಟಿನಲ್ಲಿ ಕೂಡಿಟ್ಟು ಬೇವಿನ ಬುಡಕ್ಕೆ ಸುರಿಯುವಳು. ಕಿಟಕಿಗೆ ಕಾಣುವುದು ಅದೊಂದೇ. ಅದು ಹಸಿರಾಗಿತ್ತು. ಅದನ್ನು ನೋಡಿ ನಿಜಲಿಂಗಪ್ಪ ಎಲ್ಲವೂ ಹಸಿರಾಗಿವೆ ಎಂದುಕೊಂಡಿದ್ದ.

ಗೋಡೆಯ ಆಚೆಗೆ ಮೊದಲು ನೇರಳೆ ಸೊರಗಿದವು. ಗುಲ್‌ಮೊಹರಿನ ಎಲೆ ಉದುರಿದವು. ಹಿಂದಿನ ಸಾಲು ಪೂರಾ ಕಡ್ಡಿಯಾಯಿತು. ಸಾವಂತ್ರವ್ವ ಅಂಗಡಿಗೆ ಹೋಗಬೇಕಾದರೆ ಮೈದಾನ ತಪ್ಪಿಸಿ ರಸ್ತೆ ಸುತ್ತಿಕೊಂಡು ಹೋಗತೊಡಗಿದಳು. ಮೈಗೆ ಸ್ವಲ್ಪ ಆರಾಮ ಸಿಕ್ಕಿತ್ತು ನಿಜ, ಆದರೆ ಆ ಆರಾಮದಲ್ಲಿ ಕೂತರೂ ನಿಂತರೂ ಸುಖವಿರಲಿಲ್ಲ.

ಒಂದು ಸಂಜೆ ಕೃಷ್ಣಾಜಿ ನಿಜಲಿಂಗಪ್ಪನನ್ನು ಮಾತನಾಡಿಸಲು ಬಂದರು. ಅವಳು ಚಹಾಕ್ಕೆ ಸಕ್ಕರೆ ಹಾಕುತ್ತಿದ್ದಾಗ ಒಳಗಿನ ಮಾತು ಕೇಳಿತು.

"ಬಹಳ ಕೆಟ್ಟದಾಯಿತು ನೋಡಿ," ಎನ್ನುತ್ತಿದ್ದರು ಅವರು ಮರಾಠಿಯಲ್ಲಿ. "ಇಷ್ಟು ಕಷ್ಟಪಟ್ಟು ಬೆಳೆಸಿದ್ದಿರಿ. ಹಿಂದಿನ ಸಾಲು ಒಂದೂ ಉಳಿಯಲಿಲ್ಲ. ಏನು ಮಾಡುವುದು, ಜನಕ್ಕೇ ನೀರಿಲ್ಲ."

ಅವಳು ಚಹಾ ಒಯ್ದು ಕೊಟ್ಟಳು. ಗಂಡ ಅವಳ ಕಡೆ ನೋಡಲಿಲ್ಲ. ಕೃಷ್ಣಾಜಿಗೆ ತಾವು ಏನೋ ಆಡಬಾರದ್ದು ಆಡಿದೆವೆಂದು ಅನ್ನಿಸಿರಬೇಕು, ಬೇಗ ಚಹಾ ಮುಗಿಸಿ ಎದ್ದರು.

ಮರುದಿನ ಬೆಳಿಗ್ಗೆ ಅವಳು ಕೊಡ ಇಳಿಸಿದಾಗ ಒಳಗಿನಿಂದ ಯಾವ ಪ್ರಶ್ನೆಯೂ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಉಣ್ಣಿಸಿದರೆ ಉಣ್ಣುತ್ತಿದ್ದ, ಅಷ್ಟೇ. ಕೇಳುತ್ತಿದ್ದಾಗ ಅವಳಿಗೆ ಆ ಪ್ರಶ್ನೆ ಬೇಡವಾಗಿತ್ತು. ಕೇಳದೆ ಇದ್ದಾಗ ಮನೆಯಲ್ಲಿ ಕಾಲಿಡುವುದೇ ಭಾರವಾಯಿತು.

ರವಿವಾರ ಶ್ಯಾಮ ಮನೆಯಲ್ಲಿದ್ದ. ಅವನು ಅಪ್ಪನ ಗಡ್ಡ ಹೆರೆದು ಮುಗಿಸಿದಾಗ ನಿಜಲಿಂಗಪ್ಪ ಎಡಗೈಯಿಂದ ಮಗನ ಮಣಿಕಟ್ಟು ಹಿಡಿದು, "ಹೊರಗ," ಎಂದ. "ನೋಡ್ಬೇಕು."

ಕಟ್ಟಿಗೆಯ ಕುರ್ಚಿಯಲ್ಲಿ ಕೂಡಿಸಿ ಪಂಚೆಯಿಂದ ಸೊಂಟ ಕಟ್ಟಿದರು. ಒಂದು ಕಡೆ ಶ್ಯಾಮ ಹಿಡಿದ. ಇನ್ನೊಂದು ಕಡೆ ಹಿಡಿದ ಸಾವಂತ್ರವ್ವ ಮೆಟ್ಟಿಲಿನಲ್ಲೇ ತೂಗಾಡಿದಳು. ಬೇವಿನ ಕೆಳಗೆ ಕೂಸಿನ ಜೊತೆ ಕೂತಿದ್ದ ಯಂಕವ್ವ ಅದನ್ನು ಜೋಳಿಗೆಗೆ ಹಾಕಿ ಎದ್ದು ಬಂದು, "ಬಿಡ್ರಿ ಅಕ್ಕಾ, ನಾ ಹಿಡಿತೀನಿ," ಎಂದು ಕುರ್ಚಿಯ ಕಾಲಿಗೆ ಕೈ ಹಾಕಿದಳು.

ಶ್ಯಾಮನೂ ಯಂಕವ್ವನೂ ಕುರ್ಚಿ ಹೊತ್ತು ಮೈದಾನವೆಲ್ಲ ತಿರುಗಿದರು. ನಿಜಲಿಂಗಪ್ಪ ಕೈ ಎತ್ತಿದಲ್ಲಿ ಇಳಿಸುವುದು, ಕೈ ಬೀಸಿದರೆ ಮತ್ತೆ ಎತ್ತುವುದು. ಹಿಂದಿನ ಸಾಲಿನ ಒಂದು ಗುಲ್‌ಮೊಹರಿನ ಕಡ್ಡಿ ಮುರಿದ. ಅದು ಪಟ್ಟೆಂದು ಮುರಿಯಿತು. ಇನ್ನೊಂದನ್ನು ಮುರಿದ. ಆಮೇಲೆ ಮುರಿಯುವುದನ್ನು ಬಿಟ್ಟ. ಲಕ್ವ ಆದಾಗಿನಿಂದ ಅವನಿಗೆ ಸಣ್ಣದಕ್ಕೂ ಅಳು ಬರುತ್ತಿತ್ತು. ಅಂದು ಅಳಲಿಲ್ಲ. ಕೊನೆಗೆ ಬೋರಿಂಗಿನ ಹತ್ತಿರದ ಹೊಂಗೆಯ ಕೆಳಗೆ ಕುರ್ಚಿ ಇಳಿಸಿದರು. ಯಂಕವ್ವ ಸೆರಗಿನಿಂದ ಮುಖ ಒರೆಸಿಕೊಂಡು ದೂರ ನಿಂತಳು.

"ಯಾಕ ಹೇಳ್ಲಿಲ್ಲ?" ಎಂದ ನಿಜಲಿಂಗಪ್ಪ. ಪದಗಳ ನಡುವೆ ಉಸಿರು ತೆಗೆದುಕೊಂಡು ಹೇಳಿದ್ದರಿಂದ ಸ್ಪಷ್ಟವಾಗಿಯೇ ಕೇಳಿತು.

ಸಾವಂತ್ರವ್ವ ಅವನ ಪಕ್ಕದಲ್ಲಿ ನೆಲಕ್ಕೆ ಕೂತಳು.

"ಏನಂತ ಹೇಳ್ಲಿ? ದಿನಾ ಕೇಳ್ತಿದ್ರಿ. ಇಲ್ಲ ಅನ್ನಾಕ ನನ್ನ ಬಾಯಿಲೆ ಆಗ್ಲಿಲ್ಲ." ಅವಳು ನೆಲದ ಮಣ್ಣು ಕೆದರುತ್ತಿದ್ದಳು. "ಬೋರಿಂಗಿನ್ಯಾಗ ಮಂದೀಗೆ ಕುಡಿಯಾಕ ನೀರಿಲ್ಲ. ಅವರ ಮುಂದ ನಿಂತು ನಾ ಹ್ಯಾಂಗ ಗಿಡಕ್ಕ ಹಾಕ್ಲಿ? ಮತ್ತ… ಬರೇ ಅದಲ್ಲ. ನನಗ ಭಾಳ ಸಾಕಾಗೇದ್ರಿ. ನೀರು ಇದ್ದಾಗನೂ ಸಾಕಾಗಿತ್ತು."

ಈ ಮಾತನ್ನು ಅವಳು ಯಾರ ಮುಂದೆಯೂ ಆಡಿರಲಿಲ್ಲ. ಶ್ಯಾಮ ಬೇರೆ ಕಡೆ ನೋಡಿದ.

ನಿಜಲಿಂಗಪ್ಪ ಬಾಯಿ ತೆರೆದ, ಏನೋ ಕಲಸಿತು. ಮತ್ತೆ ಪ್ರಯತ್ನ ಮಾಡಿದ.

"ನನಗೂ," ಎಂದ. "ಆವಾಗ. ಭಾಳ… ಸಾಕಾಗಿತ್ತು. ನಾನೂ ಹೇಳ್ಲಿಲ್ಲ."

ಅವಳು ಅವನ ಮುಖ ನೋಡಿದಳು. ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಕೊಡ ಹೊತ್ತು ತಿರುಗುತ್ತಿದ್ದ ಆ ಗಂಡಸು ಸುಖವಾಗಿದ್ದಾನೆ ಎಂದೇ ಅವಳು ತಿಳಿದಿದ್ದಳು. ಆ ಸುಖದ ಮೇಲೆ ಎಷ್ಟು ಸಲ ಸಿಡುಕಿದ್ದಳು. ಅವಳಿಗೆ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ. ಅವನ ಸತ್ತ ಕೈಯನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟಳು.

ಆಮೇಲೆ ಅವನು ಎಡಗೈಯಿಂದ ಹಿಂದಿನ ಸಾಲು ತೋರಿಸಿ, "ಹೋದ್ವು, ಬಿಡು," ಎಂದ. ಹೊಂಗೆ ತೋರಿಸಿ, "ಇವು ಅದಾವ," ಎಂದ.

ದೂರ ನಿಂತಿದ್ದ ಯಂಕವ್ವ ಹೇಳಿದಳು. "ಬೋರಿಂಗಿನ ಬಲ್ಲೆ ಇರೂವಕ್ಕ ನಾವು ಹಾಕ್ತೀವ್ರಿ ಅಣ್ಣಾರ. ಭಾಂಡಿ ತೊಳದ ನೀರು ಸುಮ್ಮ ಹರದು ಹೋಗ್ತದ. ನಮಗೂ ಕುಂದ್ರಾಕ ನೆರಳ ಬೇಕು. ಆಕಡಿನ್ವು ಮಾತ್ರ ನಮ್ಮ ಕೈಲೆ ಆಗಂಗಿಲ್ಲ, ಮದಲ ಹೇಳ್ತೀನಿ."

"ಆಗೂದಿಲ್ಲಂದ್ರ ಬ್ಯಾಡ," ಎಂದಳು ಸಾವಂತ್ರವ್ವ. ಒಣಗಿದ ಸಾಲಿನ ಕಡೆ ನೋಡಿ, "ಅವನ್ನ ಕಡ್ಕೊಂಡು ಒಲಿಗಿ ಒಯ್ಯಿ," ಎಂದಳು.

ಮಳೆ ತಡವಾಗಿ ಬಂತು. ಅಷ್ಟರವರೆಗೆ ಗುಡಿಸಲಿನ ಹೆಂಗಸರು ಪಾತ್ರೆ ತೊಳೆಯುವುದನ್ನು ಹೊಂಗೆಯ ಬುಡದಲ್ಲೇ ಮಾಡಿದರು. ಬೇಲಿಗೆ ಮುಳ್ಳಿಲ್ಲದೆ ಕೆಲವಕ್ಕೆ ಆಡು ಬಾಯಿ ಹಾಕಿದವು. ಹಚ್ಚಿದ್ದರಲ್ಲಿ ಅರ್ಧಕ್ಕಿಂತ ಕಡಿಮೆ ಉಳಿದವು, ಉಳಿದವೂ ಸೊಟ್ಟಪಟ್ಟವಾಗಿಯೇ ಚಿಗುರಿದವು.

ಗಣಪತಿಯ ಹಬ್ಬದಲ್ಲಿ ಕಾಲನಿಯವರು ಮಂಟಪದ ಮುಂದೆ ಸಭೆ ಮಾಡಿದರು. ಕೃಷ್ಣಾಜಿ ಎದ್ದು ನಿಂತು, ಇಷ್ಟು ವರ್ಷ ಒಬ್ಬರೇ ಗಿಡಗಳನ್ನು ಕಾಪಾಡಿದ ವಹಿನಿಗೆ ಸತ್ಕಾರ ಎಂದರು. ಸಾವಂತ್ರವ್ವ ಬೇಡ ಎನ್ನುವಷ್ಟರಲ್ಲಿ ಗಂಗೂಬಾಯಿ ಶಾಲು ಹೊದಿಸಿ ಕೈಗೆ ತೆಂಗಿನಕಾಯಿ ಕೊಟ್ಟಳು. ಜನ ಚಪ್ಪಾಳೆ ತಟ್ಟಿದರು. ಎರಡು ಮಾತು ಹೇಳಿ ಎಂದರು.

ಅವಳ ಮರಾಠಿ ಸಂತೆಯ ಮರಾಠಿ. ಅದರಲ್ಲೇ ಹೇಳಿದಳು. "ನಾಳೆಯಿಂದ ನಾನು ನೀರು ಹಾಕುವುದಿಲ್ಲ. ಬೇಸಿಗೆಯಲ್ಲೂ ಹಾಕಲಿಲ್ಲ. ಸತ್ತದ್ದಕ್ಕೆ ಬೇಜಾರಿದೆ. ಉಳಿದದ್ದಕ್ಕೆ ಗುಡಿಸಲಿನ ಹೆಂಗಸರು ಹಾಕಿದ್ದಾರೆ. ಇನ್ನು ನನ್ನಿಂದ ಆಗುವುದಿಲ್ಲ."

"ಹಾಗಾದರೆ ಯಾರು ಹಾಕುವುದು, ವಹಿನಿ?" ಎಂದು ಕೃಷ್ಣಾಜಿ ಮೆತ್ತಗೆ ಕೇಳಿದರು.

"ನನಗೆ ಗೊತ್ತಿಲ್ಲ, ಮಾಸ್ತರ," ಎಂದು ಅವಳು ಕೂತಳು.

ಯಾರೂ ತಕ್ಷಣ ಏಳಲಿಲ್ಲ. ಸಭೆ ಮುಗಿದು ಪ್ರಸಾದ ಹಂಚುವಾಗ ಗಂಗೂಬಾಯಿ ಹತ್ತಿರ ಬಂದು, ತಾನು ವಾರದಲ್ಲಿ ಒಂದೆರಡು ದಿನ ನೋಡುತ್ತೇನೆ ಎಂದಳು. ಇನ್ನೂ ಕೆಲವರು ಹಾಗೇ ಹೇಳಿದರು. ಅವರಲ್ಲಿ ಕೆಲವರು ಬಂದರು, ಕೆಲವರು ಬರಲಿಲ್ಲ. ಭುಜಂಗ ಒಂದು ರವಿವಾರ ಬಂದು ಎರಡು ತಗ್ಗು ತೋಡಿ, ಬೆನ್ನು ಹಿಡಿಯಿತೆಂದು ಹೋದ. ಆ ತಗ್ಗುಗಳಲ್ಲಿ ಗಂಗೂಬಾಯಿ ಹೊಸ ಸಸಿ ಹಚ್ಚಿದಳು. ಒಂದು ಹಿಡಿಯಿತು.

ದೀಪಾವಳಿ ಕಳೆದ ಮೇಲೆ ಕಟ್ಟಡದ ಕೆಲಸ ಮುಗಿಯಿತು. ಒಂದು ಮಧ್ಯಾಹ್ನ ಯಂಕವ್ವ ಬಾಗಿಲಿಗೆ ಬಂದು ನಿಂತಳು. ಕೂಸು ಸೊಂಟದ ಮೇಲಿತ್ತು.

"ಹೊಂಟೀವ್ರಿ ಅಕ್ಕಾ. ಶಿರೂರ ಕಡಿ ಕೆಲಸ ಹತ್ಯದಂತ. ಟ್ರಕ್ಕ ಬಂದದ."

"ನಿಂದ್ರು," ಎಂದು ಸಾವಂತ್ರವ್ವ ಒಳಗೆ ಹೋಗಿ ಜೋಳದ ರೊಟ್ಟಿಗಳನ್ನೂ ಶೇಂಗಾ ಚಟ್ನಿಯನ್ನೂ ಅರಿವೆಯಲ್ಲಿ ಕಟ್ಟಿ ತಂದಳು. "ಅಲ್ಲೆ ನೀರ ನೆರಳ ಹ್ಯಾಂಗದನೋ."

"ಹೊಸಾ ಜಾಗಾದಾಗ ಎಲ್ಲೀ ನೆರಳ್ರಿ. ಹೋಗಿ ನೋಡೂದು." ಯಂಕವ್ವ ಗಂಟು ತೆಗೆದುಕೊಂಡಳು. ಬಾಗಿಲಿನಿಂದಲೇ ಒಳಗೆ ಬಾಗಿ, "ಅಣ್ಣಾರ, ಬರ್ತೀವ್ರಿ," ಎಂದಳು. ನಿಜಲಿಂಗಪ್ಪ ಎಡಗೈ ಎತ್ತಿದ.

ಸಾವಂತ್ರವ್ವ ಟ್ರಕ್ಕಿನ ತನಕ ಹೋದಳು. ತಗಡು, ಬುಟ್ಟಿ, ಡಬ್ಬಿಗಳ ಮೇಲೆ ಜನ ಕೂತಿದ್ದರು. ಯಂಕವ್ವನ ಮಗಳು ಮೇಲಿನಿಂದ ಕೈ ಚಾಚಿ ಕೂಸನ್ನು ತೆಗೆದುಕೊಂಡಳು. ಟ್ರಕ್ಕು ಮುಖ್ಯರಸ್ತೆಗೆ ತಿರುಗುವವರೆಗೆ ನಿಂತು ನೋಡಿ ಮನೆಗೆ ಬಂದಳು.

"ಎಲ್ಲಿಗಿ?" ಎಂದು ನಿಜಲಿಂಗಪ್ಪ ಕೇಳಿದ.

"ಶಿರೂರಿಗಂತ."

"ದೂರ?"

"ಭಾಳೇನ ದೂರಿಲ್ಲ. ಆದ್ರ ಇಕಡಿ ಯಾಕ ಬರ್ತಾರ."

ಅವನಿಗೆ ದಿಂಬು ಸರಿಮಾಡಿ, ಕಾಲಿನ ಮೇಲೆ ಚಾದರ ಎಳೆದು, ಅವಳು ಮಂಚದ ಪಕ್ಕ ಚಾಪೆ ಹಾಸಿದಳು. ಮದುವೆಯಾಗಿ ಬಂದಾಗಿನಿಂದ ಹಗಲು ಹೊತ್ತು ಮಲಗಿದ್ದು ಅವಳಿಗೆ ನೆನಪಿರಲಿಲ್ಲ. ಬೆನ್ನು ನೆಲಕ್ಕೆ ತಾಗಿದಾಗ ಎಲುಬುಗಳೆಲ್ಲ ಒಂದೊಂದಾಗಿ ನೋಯತೊಡಗಿದವು. ನೋಯುತ್ತಿದ್ದಂತೆಯೇ ನಿದ್ದೆ ಹತ್ತಿತು. ಶ್ಯಾಮ ಪಾಳಿ ಮುಗಿಸಿ ಬಂದಾಗಲೂ ಅವಳು ಏಳಲಿಲ್ಲ. ಅಪ್ಪ ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದ್ದರಿಂದ, ಅವನು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಅವಳನ್ನು ದಾಟಿ ಹೋಗಿ ಚಹಾಕ್ಕೆ ನೀರಿಟ್ಟ.